ಬೆಣ್ಣಿಹಳ್ಳ ಕ್ಲಬ್ಬಿನ ಹುಬ್ಬಳ್ಳಿ ಅಧ್ಯಕ್ಷರು

ರವಿವಾರ ಸಂಜೆ ಐದೂವರೆಗೆ ಮಕಬೂಲಸಾಬ ನದಾಫರ ಗಾದಿ ಅಂಗಡಿಗೆ ಹೋದರೆ ಕೆಲಸ ಆಗುವುದಿಲ್ಲ. ಇದು ಹುಬ್ಬಳ್ಳಿಯ ಬೆಂಗೇರಿಯ ಮಂದಿಗೆ ಗೊತ್ತಾಗಿ ಬಹಳ ವರ್ಷಗಳಾದವು. ಆ ಹೊತ್ತಿಗೆ ಅವರು ಅರಳೆ ಹಿಂಜುವ ಯಂತ್ರವನ್ನು ಬಂದ್ ಮಾಡಿ, ಮೀಸೆಗೆ ಹತ್ತಿದ ಅರಳೆಯನ್ನು ಅಂಗೈಯಿಂದ ಒರೆಸಿಕೊಂಡು, ಅರ್ಧ ಹೊಲಿದ ಗಾದಿಯ ಮೇಲೆ ಕೂತು ಫೋನಿನ ದಾರಿ ಕಾಯುತ್ತಾರೆ. ನಾಳೆಯೇ ಮದುವೆ, ಗಾದಿ ಈಗಲೇ ಬೇಕು ಎಂದು ಹೆಣ್ಣಿನ ಕಡೆಯವರು ಬಾಗಿಲಲ್ಲಿ ಬಂದು ನಿಂತರೂ ಅಷ್ಟೇ. ಹತ್ತು ಮಿನಿಟು ಕೂಡ್ರಿ ಎನ್ನುತ್ತಾರೆ, ಅರ್ಧ ತಾಸು ಕೂಡಿಸುತ್ತಾರೆ.

ಫೋನು ಬರಬೇಕಾದದ್ದು ಗೋವಾದಿಂದ. ಅಲ್ಲಿ ವಾಸ್ಕೋದಲ್ಲಿ ಬೆಣ್ಣಿಹಳ್ಳ ಫುಟ್‌ಬಾಲ್ ಕ್ಲಬ್ ಎಂಬುದೊಂದಿದೆ. ನೀವು ಕೇಳಿರಲಿಕ್ಕಿಲ್ಲ. ವಾಸ್ಕೋದಲ್ಲೇ ಬಹಳ ಜನ ಕೇಳಿಲ್ಲ, ಬಿಡಿ. ಕೆಳಗಿನ ದರ್ಜೆಯ ಲೀಗಿನಲ್ಲಿ, ಅದರಲ್ಲೂ ಪಟ್ಟಿಯ ತಳದಲ್ಲಿ ಆಡುವ ತಂಡ. ಈ ಮಕಬೂಲಸಾಬರು ಅದರ ಅಧ್ಯಕ್ಷರು. ಅಧ್ಯಕ್ಷರು ತಮ್ಮ ತಂಡದ ಆಟವನ್ನು ಕಣ್ಣಾರೆ ನೋಡಿ ಹನ್ನೆರಡು ವರ್ಷವಾಗಿದೆ.

ಏಪ್ರಿಲ್ ತಿಂಗಳ ಆ ರವಿವಾರವೂ ಫೋನು ಬಂತು. ಕ್ಲಬ್ಬಿನ ಕಾರ್ಯದರ್ಶಿ ಶಾಹಿದ ಆ ಕಡೆಯಿಂದ, “ಮುಗೀತ್ರಿ ಕಾಕಾ” ಎಂದ.

“ಎಷ್ಟಕ್ಕ?”

“ಎರಡು ಒಂದು. ಅವರಿಗೆ ಎರಡ್ರಿ.”

“ನಮ್ಮದು ಯಾರು ಹೊಡದ್ರು?”

“ಪ್ರಸಾದ. ತಲಿಲೇ ಹೊಡದಾ ನೋಡ್ರಿ. ಬಲಗಡಿಯಿಂದ ಬಾಲ್ ಬಂತು, ಇಬ್ಬರ ನಡುವ ಜಿಗದಾ. ಕೀಪರಗ ತಿಳೀಲೇ ಇಲ್ರಿ.”

ಮಕಬೂಲಸಾಬರು ಕಣ್ಣು ಮುಚ್ಚಿ ಆ ಗೋಲನ್ನು ಎರಡು ಸಲ ನೋಡಿದರು. ತಾವು ಇಪ್ಪತ್ತು ವರ್ಷ ಗೋಲ್‌ಕೀಪರ್ ಆಗಿದ್ದವರು. ತಲೆಯಿಂದ ಬಂದ ಚೆಂಡು ಎಷ್ಟು ಕೆಟ್ಟದ್ದು ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. “ನಮ್ಮ ಪ್ರಸಾದ ಇರೂತನಾ ಕ್ಲಬ್ ಇರ್ತೈತಿ ಬಿಡು” ಎಂದರು. ಪ್ರತಿ ವಾರ ಇದೊಂದು ಮಾತನ್ನು ಅವರು ಹೇಳಿಯೇ ಹೇಳುತ್ತಿದ್ದರು.

“ಆಟ ಛಲೋ ಆಡಿದ್ವಿ ಕಾಕಾ. ನಸೀಬ ಇರಲಿಲ್ಲ.”

ನಸೀಬ ಇಲ್ಲದೆ ಸೋತದ್ದು ಇದು ಸತತ ಆರನೆಯ ರವಿವಾರ. ಮೊದಲೆಲ್ಲ ಶಾಹಿದನ ಫೋನಿನಲ್ಲಿ ಮೈದಾನದ ಗದ್ದಲ, ಸೀಟಿ, ಬೈದಾಟ ಎಲ್ಲ ಕೇಳಿಸುತ್ತಿತ್ತು. ಈಚೆಗೆ ಅವನು ಮನೆಗೆ ಬಂದು ಫೋನು ಹಚ್ಚುತ್ತಿದ್ದ. ಹಿಂದೆ ಕುಕ್ಕರಿನ ಸೀಟಿ ಮಾತ್ರ ಕೇಳಿಸುತ್ತಿತ್ತು.

“ಕಾಕಾ, ಮತ್ತ ಆ ಮುಂದಿನ ವರ್ಷದ ಫೀ...” ಎಂದು ಶಾಹಿದ ಎಳೆದ.

“ಅದು ನನಗ ಬಿಡು. ಹುಬ್ಬಳ್ಳಿಯಾಗ ನಾವು ಹತ್ತು ಮಂದಿ ಅದೇವಿ. ನೀವು ಆಡ್ರಿ ಅಷ್ಟ.”

ಆ ಕಡೆ ಕುಕ್ಕರು ಮತ್ತೊಂದು ಸೀಟಿ ಹೊಡೆಯಿತು. “ಹೂನ್ರಿ ಕಾಕಾ” ಎಂದು ಶಾಹಿದ ಫೋನು ಇಟ್ಟ.

ಮಕಬೂಲಸಾಬರು ಗಾದಿಯಿಂದ ಏಳಲಿಲ್ಲ. ದಣಿವಾಗಿತ್ತು. ಇದು ಒಂದು ದಿನದ ದಣಿವಲ್ಲ. ಮೇ ತಿಂಗಳ ಕೊನೆಯೊಳಗೆ ಫೀ ತುಂಬಿದರೆ ಕ್ಲಬ್ಬಿನ ಹೆಸರು ಲೀಗಿನಲ್ಲಿ ಉಳಿಯುತ್ತದೆ, ಇಲ್ಲದಿದ್ದರೆ ಹೋಗುತ್ತದೆ. ತುಂಬುವ ಶಕ್ತಿ ಅವರಲ್ಲಿ ಉಳಿದಿರಲಿಲ್ಲ. ನಿಜ ಹೇಳಬೇಕೆಂದರೆ, ಮನಸ್ಸೂ ಉಳಿದಿರಲಿಲ್ಲ. ಇನ್ನು ಸಾಕಪ್ಪಾ ಎಂದು ಶಾಹಿದನಿಗೆ ಹೇಳಬೇಕೆಂದು ಮೂರು ವರ್ಷದಿಂದ ಕಾಯುತ್ತಿದ್ದರು. ಆದರೆ ತಮ್ಮ ಬಾಯಿಂದ ಆ ಮಾತು ಬಂದು ಕ್ಲಬ್ಬು ಸತ್ತರೆ? ಅದನ್ನು ನೆನೆಸಿ ಪ್ರತಿ ಸಲ ‘ಅದು ನನಗ ಬಿಡು’ ಎಂದುಬಿಡುತ್ತಿದ್ದರು.

ಅವರು ವಾಸ್ಕೋಗೆ ಹೋದದ್ದು ಇಪ್ಪತ್ತನೆಯ ವಯಸ್ಸಿನಲ್ಲಿ. ನದಾಫರ ಮನೆತನ; ಅಜ್ಜ, ಅಪ್ಪ ಬಿಲ್ಲು ಹೊತ್ತುಕೊಂಡು ಊರೂರು ತಿರುಗಿ ಅರಳೆ ಹಿಂಜಿದವರು. ಮನೆಯಲ್ಲಿ ಆಡುವ ಮಾತೂ ಕನ್ನಡವೇ. ಹುಡುಗನಿಗೆ ಆ ಧೂಳು ಬೇಡವೆನಿಸಿ ಬಂದರಿನ ಕೆಲಸಕ್ಕೆ ಓಡಿದ. ಅಲ್ಲಿ ಅದಿರಿನ ಕೆಂಪು ಧೂಳು ಕಾದಿತ್ತು ಎಂಬುದು ಬೇರೆ ಮಾತು. ನಮ್ಮ ಕಡೆಯ ಸಾವಿರಾರು ಜನ ಆಗ ವಾಸ್ಕೋದ ಗುಡ್ಡದ ಮೇಲೆ ತಗಡಿನ ಮನೆ ಕಟ್ಟಿಕೊಂಡಿದ್ದರು. ರವಿವಾರ ಗೋವಾದವರು ಫುಟ್‌ಬಾಲ್ ಆಡುವುದನ್ನು ನೋಡಿ ನೋಡಿ, ಎಂಬತ್ತೊಂಬತ್ತನೆಯ ಇಸವಿಯಲ್ಲಿ ಹದಿಮೂರು ಜನ ಸೇರಿ ತಮ್ಮದೇ ಒಂದು ತಂಡ ಮಾಡಿದರು.

ಹೆಸರಿಗಾಗಿ ಎರಡು ವಾರ ಜಗಳವಾಯಿತು. ಒಬ್ಬ ತನ್ನ ಊರ ದೇವರ ಹೆಸರು ಇಡಬೇಕೆಂದ, ಇನ್ನೊಬ್ಬ ಅದಕ್ಕೆ ಒಪ್ಪಲಿಲ್ಲ. ಕೊನೆಗೆ ನೋಡಿದರೆ ಹದಿಮೂರೂ ಜನ ಬೆಣ್ಣಿಹಳ್ಳದ ಅಕ್ಕಪಕ್ಕದ ಊರಿನವರು. ಮಳೆಗಾಲದಲ್ಲಿ ಉಕ್ಕಿ, ಒಂದಲ್ಲ ಒಂದು ವರ್ಷ ಎಲ್ಲರ ಹೊಲವನ್ನೂ ತಿಂದ ಹಳ್ಳ ಅದು. ಆ ಹೆಸರಿಗೆ ಯಾರ ತಕರಾರೂ ಬರಲಿಲ್ಲ.

ಮೊದಮೊದಲು ಇವರು ಮೈದಾನಕ್ಕೆ ಇಳಿದರೆ ನೋಡುವವರು ‘ರೊಟ್ಟಿ, ರೊಟ್ಟಿ’ ಎಂದು ಕೂಗುತ್ತಿದ್ದರು. ತೊಂಬತ್ತಾರರಲ್ಲಿ ಒಂದು ಊರಿನ ಪಂದ್ಯಾವಳಿಯ ಕಪ್ಪು ಗೆದ್ದ ಮೇಲೆ ಅದೇ ಮಂದಿ ಸಂಜೆ ರೊಟ್ಟಿ ಊಟಕ್ಕೆ ಬಂದರು. ಆ ದಿನ ಮಕಬೂಲಸಾಬರು ತಡೆದ ಎರಡು ಚೆಂಡುಗಳ ಮಾತು ಗುಡ್ಡದ ಮೇಲೆ ವರ್ಷಗಟ್ಟಲೆ ನಡೆಯಿತು. ಗಾರೆಗಿಂತ ಗಟ್ಟಿಯಾದ ಕೆಂಪು ಕಲ್ಲುಮಣ್ಣಿನ ಮೈದಾನ. ಅದರ ಮೇಲೆ ಬಿದ್ದೂ ಬಿದ್ದೂ ಅವರ ಮೊಣಕಾಲು, ತೊಡೆ ಎಲ್ಲ ಸವೆದುಹೋದವು.

ಆಮೇಲೆ ಗಣಿಗಳು ನಿಂತವು, ಅದಿರು ನಿಂತಿತು, ಬಂದರಿನ ಕೆಲಸ ಹೋಯಿತು. ಕ್ಲಬ್ಬಿಗೆ ವರ್ಷಕ್ಕಿಷ್ಟು ಎಂದು ಕೊಡುತ್ತಿದ್ದ ಹಡಗಿನ ಮಾಲೀಕರೂ ಕೈ ಎತ್ತಿದರು. ಮಕಬೂಲಸಾಬರು ಹೆಂಡತಿ ರಾಜಬಿಯನ್ನು ಕರೆದುಕೊಂಡು ಹುಬ್ಬಳ್ಳಿಗೆ ಮರಳಿ, ಯಾವ ಧೂಳಿಗೆ ಹೆದರಿ ಓಡಿದ್ದರೋ ಅದೇ ಧೂಳಿನಲ್ಲಿ ಕೂತರು. ಹೊರಡುವ ದಿನ ರೈಲಿನ ಬಾಗಿಲಲ್ಲಿ ನಿಂತು, ಆಗಷ್ಟೇ ಕಾರ್ಯದರ್ಶಿಯಾಗಿದ್ದ ಇಪ್ಪತ್ನಾಲ್ಕು ವರ್ಷದ ಶಾಹಿದನಿಗೆ, “ಕ್ಲಬ್ ಬಿಡಬ್ಯಾಡ್ರಿ. ನಾ ಅದೇನಿ” ಎಂದಿದ್ದರು. ರೈಲು ಬಿಡುವಾಗ ಮನುಷ್ಯ ಏನೇನೋ ಹೇಳುತ್ತಾನೆ. ಇವರು ಹೇಳಿದ್ದನ್ನು ಹನ್ನೆರಡು ವರ್ಷ ನಡೆಸಿದರು.

ಹತ್ತು ಮಂದಿ ಎಂಬುದು ಮೊದಲು ಸುಳ್ಳಾಗಿರಲಿಲ್ಲ. ಹುಬ್ಬಳ್ಳಿ ಧಾರವಾಡದಲ್ಲಿ ವಾಸ್ಕೋದಿಂದ ಮರಳಿದ ಹತ್ತು ಜನ ನಿಜಕ್ಕೂ ಇದ್ದರು, ಕೈಲಾದಷ್ಟು ಹಾಕುತ್ತಲೂ ಇದ್ದರು. ಒಬ್ಬ ತೀರಿಕೊಂಡ, ಒಬ್ಬ ಊರಿಗೆ ಹೋದ, ಕೆಲವರು ಫೋನು ಎತ್ತುವುದನ್ನು ಬಿಟ್ಟರು. ಕೊನೆಗೆ ಉಳಿದವನು ಕೆಲಗೇರಿಯ ವೆಂಕಣ್ಣ, ತಂಡದ ಹಳೆಯ ಲೆಫ್ಟ್ ಬ್ಯಾಕ್. ಮಕಬೂಲಸಾಬರು ಬಸ್ಸು ಬದಲಿಸಿಕೊಂಡು ಅವನ ಮನೆಗೆ ಹೋಗುವರು. ವೆಂಕಣ್ಣ ಇಲ್ಲ ಎನ್ನುತ್ತಿರಲಿಲ್ಲ. ಇಲ್ಲ ಎಂದಿದ್ದರೆ ಎಷ್ಟೋ ಪುಣ್ಯ ಬರುತ್ತಿತ್ತು. ಚುರಮರಿ ಕೊಟ್ಟು, ಚಹಾ ಕುಡಿಸಿ, “ಮುಂದಿನ ತಿಂಗಳ ನೋಡೂಣು ಮಕಬೂಲಣ್ಣಾ” ಎನ್ನುತ್ತಿದ್ದ. ಐದನೆಯ ಸಲ ಹೋದಾಗ ಅವನ ಹೆಂಡತಿ ರಜನಿ ಬಾಗಿಲಿಗೆ ಬಂದು, “ಅವರು ಕೆರಿ ಕಡೆ ಹೋಗ್ಯಾರ್ರಿ” ಎಂದಳು. ವೆಂಕಣ್ಣನ ಚಪ್ಪಲಿ ಬಾಗಿಲಲ್ಲೇ ಇದ್ದವು. ಮಕಬೂಲಸಾಬರು ಚಪ್ಪಲಿ ನೋಡಿದರು, ರಜನಿ ಅವರು ನೋಡುವುದನ್ನು ನೋಡಿದಳು. “ಬಂದ್ರ ಹೇಳ್ರಿ, ಸುಮ್ನ ಬಂದಿದ್ನಿ ಅಂತ” ಎಂದು ಇವರು ತಿರುಗಿ ಬಂದರು. ಅಂದಿನಿಂದ ಐದು ವರ್ಷ ಹತ್ತು ಮಂದಿಯೂ ಇವರೊಬ್ಬರೇ.

ಇದಕ್ಕೆ ನಮ್ಮ ಕಡೆ ಭಿಡೆ ಎನ್ನುತ್ತಾರೆ. ಎದುರಿಗಿದ್ದವರ ಮನಸ್ಸು ನೋಯಬಾರದೆಂದು ತನ್ನ ಮಾತನ್ನು ತಾನೇ ನುಂಗುವ ಗುಣ. ದೊಡ್ಡ ಗುಣವೆಂದು ನಾವೇ ಹೊಗಳಿಕೊಳ್ಳುತ್ತೇವೆ. ಹಸಿದು ಬಂದವನು ‘ಈಗ ಉಂಡ ಬಂದೇನ್ರಿ’ ಎನ್ನುತ್ತಾನೆ, ನೀಡುವವಳು ಅದನ್ನು ನಂಬುವುದಿಲ್ಲ, ಅಲ್ಲಿಗೆ ಬದುಕು ಸರಿಹೋಗುತ್ತದೆ. ಆದರೆ ನೀಡುವವರೂ ಉಣ್ಣುವವರೂ ನೂರೆಂಬತ್ತು ಕಿಲೋಮೀಟರು ದೂರ ಇದ್ದು, ನಡುವೆ ಒಂದು ಫೋನು ಮಾತ್ರ ಇದ್ದರೆ ಈ ಭಿಡೆ ಏನೆಲ್ಲ ಮಾಡುತ್ತದೆ ಎಂದು ಯಾರೂ ವಿಚಾರ ಮಾಡುವುದಿಲ್ಲ.

ಹಣದ ಜೊತೆಗೆ ಮಕಬೂಲಸಾಬರು ಪ್ರತಿ ವರ್ಷ ಎರಡು ಚಡ್ಡಿಗಳನ್ನೂ ಕಳಿಸುತ್ತಿದ್ದರು. ಗೋಲ್‌ಕೀಪರನಿಗೆಂದು ಸೊಂಟದ ಎರಡೂ ಕಡೆ ಒಳ್ಳೆಯ ಅರಳೆ ತುಂಬಿ, ದಬ್ಬಣದಿಂದ ತಾವೇ ಹೊಲಿದ ಚಡ್ಡಿ. ಕಲ್ಲು ಮೈದಾನದಲ್ಲಿ ತಾವು ಬಿದ್ದಂತೆ ಬೇರೆಯವರು ಬೀಳಬಾರದೆಂದು; ಕೊನೆಕೊನೆಗೆ ತಾವೂ ಇಂಥದ್ದೇ ತೊಟ್ಟು ಆಡಿದ್ದರು. “ಹಾಕ್ಕೊಂತಾರಿಲ್ಲೋ?” ಎಂದು ಕೇಳಿದರೆ, “ಭಾಳ ಛಲೋ ಆಗ್ಯಾವ್ರಿ ಕಾಕಾ” ಎಂದು ಶಾಹಿದ ಹೇಳುತ್ತಿದ್ದ.

ರಾಜಬಿಗೆ ಮಾತ್ರ ಎಲ್ಲ ಗೊತ್ತಿತ್ತು. ಅಂಗಡಿಯ ಹಿಂದೆಯೇ ಮನೆ. ಗಾಳಿ ಹೊರಗೆಳೆಯುವ ದೊಡ್ಡ ಫ್ಯಾನು ಹಾಕಿಸಬೇಕೆಂದು ನಾಲ್ಕು ವರ್ಷದಿಂದ ಮಾತಾಗುತ್ತಿತ್ತು. ಪ್ರತಿ ವರ್ಷ ಆ ಫ್ಯಾನು ಗೋವಾಕ್ಕೆ ಹೋಗುತ್ತಿತ್ತು. ಅರಳೆಯ ಧೂಳಿಗೆ ಆಕೆಗೆ ಕೆಮ್ಮು ಹತ್ತಿತ್ತು. ಆ ರವಿವಾರ ಚಹಾ ತಂದಿಟ್ಟು, “ಹೇಳಿದ್ರೇನು?” ಎಂದು ಕೇಳಿದರು.

“ಹೇಳಬೇಕಂತಿದ್ನಿ. ಅಂವಾ ಭಾಳ ಹುರುಪಿಲೇ ಮ್ಯಾಚಿನ ಸುದ್ದಿ ಹೇಳಾಕತ್ತಿದ್ದ.”

“ಸೋತ ಮ್ಯಾಚಿನದು?”

ಮಕಬೂಲಸಾಬರು ಚಹಾ ಕುಡಿದರು.

ಗುರುವಾರ ಶಾಹಿದ ಮತ್ತೆ ಫೋನು ಮಾಡಿದ. ವಾರದ ನಡುವೆ ಎಂದೂ ಮಾಡದವನು. “ಕಾಕಾ, ನಾನೂ ಪ್ರಸಾದನೂ ಶನಿವಾರ ಹುಬ್ಬಳ್ಳಿಗೆ ಬರಾಕತ್ತೇವಿ. ಸುಮ್ನ, ನಿಮ್ಮನ್ನ ನೋಡಿ ಹೋಗಾಕ್ರಿ.” ಸುಮ್ಮನೆ ನೋಡಲು ಯಾರು ಗೋವಾದಿಂದ ಬರುತ್ತಾರೆ? ಫೀ ಒಯ್ಯಲು ಬರುತ್ತಿದ್ದಾರೆ ಎಂದು ಮಕಬೂಲಸಾಬರು ಲೆಕ್ಕ ಹಾಕಿದರು. ಎರಡು ದಿನ ಯಂತ್ರದ ಗದ್ದಲದೊಳಗೆ ತಮ್ಮ ಮಾತನ್ನು ಕಲಿತರು. ಶಾಹಿದ, ನನಗ ಇನ್ನ ಆಗೂದಿಲ್ಲಪಾ. ಅಷ್ಟೇ, ಒಂದೇ ಮಾತು. ಸಾಲಿ ಹುಡುಗನ ಹಾಗೆ ಮತ್ತೆ ಮತ್ತೆ ಹೇಳಿಕೊಂಡರು. ಆದರೂ ಶುಕ್ರವಾರ ಸಂಜೆ ಹೋಗಿ, ಫ್ಯಾನಿಗೆಂದು ಕೂಡಿಟ್ಟದ್ದನ್ನು ಬ್ಯಾಂಕಿನಿಂದ ತಂದು ಪಾಕೀಟಿನಲ್ಲಿ ಹಾಕಿ, ಗಾದಿಗಳ ನಡುವೆ ಇಟ್ಟರು. ಮಾತು ಬಾಯಿಗೆ ಬರದಿದ್ದರೆ ಎಂದು.

ಶನಿವಾರ ಇಬ್ಬರೂ ಬಂದರು. ಶಾಹಿದನ ಕಿವಿಯ ಮೇಲೆ ಬಿಳಿ ಕೂದಲು ಬಂದಿದ್ದವು. ಪ್ರಸಾದನನ್ನು ಮಕಬೂಲಸಾಬರು ಕಂಡದ್ದು ಅವನು ಹನ್ನೆರಡು ವರ್ಷದವನಿದ್ದಾಗ. ಈಗ ಬಾಗಿಲಿಗೆ ತಲೆ ಬಗ್ಗಿಸಿ ಬರಬೇಕಾದಷ್ಟು ಎತ್ತರ. ಕಾಲು ಮುಟ್ಟಿದ. ಕೂತರು. ಬಿಸಿಲಿನ ಮಾತಾಯಿತು, ರೈಲಿನ ಮಾತಾಯಿತು, ಅರಳೆಯ ದರದ ಮಾತೂ ಆಯಿತು. ರಾಜಬಿ ರೊಟ್ಟಿ, ಕೋಳಿ ಸಾರು ಬಡಿಸಿದರು. ಸಾಕ್ರಿ ಕಾಕು, ಸಾಕ್ರಿ ಎನ್ನುತ್ತಲೇ ಪ್ರಸಾದ ಆರು ರೊಟ್ಟಿ ಮುಗಿಸಿದ. ಊಟವಾದ ಮೇಲೆ ಮತ್ತೆ ಬಿಸಿಲಿನ ಮಾತಾಯಿತು.

ಶಾಹಿದನ ಅಂಗಿಯ ಕಿಸೆಯಲ್ಲಿ ಒಂದು ಮಡಿಸಿದ ಕಾಗದ ಕಾಣುತ್ತಿತ್ತು. ಅವನ ಕೈ ಹತ್ತು ಸಲ ಅಲ್ಲಿಗೆ ಹೋಗಿ ಹತ್ತು ಸಲ ಹಿಂದೆ ಬಂತು. ಮಕಬೂಲಸಾಬರು, “ಶಾಹಿದಾ” ಎಂದು ಶುರು ಮಾಡಿದರು. “ಏನ್ರಿ ಕಾಕಾ?” ಎಂದ. “ಏನಿಲ್ಲ, ಮೈದಾನಕ್ಕ ಈಗ ನೀರು ಹೊಡೀತಾರೇನು?” ಎಂದು ಕೇಳಿಬಿಟ್ಟರು. ತಮ್ಮ ಬಾಯಿಯ ಮೇಲೆ ತಮಗೇ ಸಿಟ್ಟು ಬಂತು. ಎರಡು ತಾಸು ಹೀಗೇ ಕಳೆಯಿತು. ಅವರ ಬಸ್ಸಿನ ಹೊತ್ತು ಹತ್ತಿರವಾಯಿತು. ಮಕಬೂಲಸಾಬರು ಎದ್ದು ಗಾದಿಗಳ ನಡುವೆ ಕೈ ಹಾಕಿದರು.

ಚಹಾದ ತಾಟು ಹಿಡಿದು ಬಂದ ರಾಜಬಿ ಅದನ್ನು ನೋಡಿದರು. ತಾಟನ್ನು ನೆಲಕ್ಕೆ ಇಟ್ಟರು.

“ಶಾಹಿದ, ನೀ ನನ್ನ ಮಗ ಇದ್ದಂಗ. ಸಿಟ್ಟಾಗಬ್ಯಾಡ, ನಾ ಹೇಳ್ತೇನಿ. ಇವರಿಗೆ ಇನ್ನ ಆಗೂದಿಲ್ಲಪಾ. ಮೂರು ವರ್ಷಾತು, ಬ್ಯಾಡ ಅನ್ನಾಕ ಹೋಗಿ ಹೂಂ ಅಂತಾರ. ಮಣಕಾಲು ಹೋಗ್ಯಾವ. ಗಾದಿ ಈಗ ಯಾರು ಹೊಲಸ್ತಾರ, ಎಲ್ಲಾರೂ ಫೋಮ್ ತರ್ತಾರ. ಹತ್ತು ಮಂದಿ ಅಂತ ನಿಮಗ ಹೇಳ್ತಾರಲ್ಲಾ, ಯಾರೂ ಇಲ್ಲ. ಐದು ವರ್ಷದಿಂದ ಇವರೊಬ್ಬರ ಅದಾರ.”

ಮಕಬೂಲಸಾಬರಿಗೆ ನೆಲ ಬಾಯಿ ತೆರೆದರೆ ಒಳಗೆ ಹೋಗಿಬಿಡೋಣ ಎನಿಸಿತು. ಪಾಕೀಟು ಕೈಯಲ್ಲೇ ಇತ್ತು.

“ಖರೇನ್ರಿ ಕಾಕಾ?” ಶಾಹಿದ ಕೇಳಿದ.

“ಖರೇ.”

ಶಾಹಿದ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಅವನ ಹೆಗಲು ನಡುಗತೊಡಗಿದವು. ಅಳುತ್ತಿದ್ದಾನೆಂದು ರಾಜಬಿ ಮುಂದೆ ಬಂದರು. ಕೈ ತೆಗೆದಾಗ ಕಣ್ಣಲ್ಲಿ ನೀರೂ ಇತ್ತು, ನಗೆಯೂ ಇತ್ತು. “ಕಾಕಾ, ನಿಮ್ಮ ಹತ್ತು ಮಂದಿಗೆ ಅಂಜಿ ನಾವು ಎರಡು ವರ್ಷದಿಂದ ಕ್ಲಬ್ ನಡಸೇವ್ರಿ. ಹುಬ್ಬಳ್ಳಿಯಾಗ ಹತ್ತು ಮಂದಿ ಹಿರಿಯಾರು ಹೊಟ್ಟಿ ಕಟ್ಟಿ ಕಳಸ್ತಾರ, ನಾವು ಬ್ಯಾಡ ಅಂದ್ರ ಅವರು ಏನ್ ಅಂದ್ಕೋಬೇಕು ಅಂತ. ನಮಗೂ ಆಗೂದಿಲ್ರಿ. ಭಾಳ ದಿನಾತು, ಆಗೂದಿಲ್ಲ.”

ಆಮೇಲೆ ಎಲ್ಲ ಹೊರಗೆ ಬಂತು. ಹುಡುಗರು ಕೆಲಸಕ್ಕೆಂದು ಅಲ್ಲಿ ಇಲ್ಲಿ ಚದುರಿದ್ದರು. ಹನ್ನೊಂದು ಜನ ಕೂಡುವುದೇ ಕಷ್ಟವಾಗಿ, ಒಮ್ಮೆ ಟೆಂಪೋ ಡ್ರೈವರನಿಗೆ ಅಂಗಿ ತೊಡಿಸಿ ನಿಲ್ಲಿಸಿದ್ದರು. ಕಿಸೆಯ ಕಾಗದ ಪ್ರಸಾದನದು. ಅವನನ್ನು ಒಂದು ದೊಡ್ಡ ಕ್ಲಬ್ಬು ಕರೆದಿತ್ತು. ಬೆಣ್ಣಿಹಳ್ಳ ಕ್ಲಬ್ಬು ಅವನನ್ನು ಬಿಟ್ಟುಕೊಟ್ಟಿದೆ ಎಂದು ಅಧ್ಯಕ್ಷರ ಸಹಿ ಬೇಕು, ಮಂಗಳವಾರದೊಳಗೆ.

“ಛಲೋ ಆತಲ್ಲೋ!” ಎಂದು ಮಕಬೂಲಸಾಬರು ಪ್ರಸಾದನ ಬೆನ್ನು ತಟ್ಟಿದರು. “ಮೊದಲನೇ ತಂಡದಾಗ ಆಡಸ್ತಾರೇನು?”

ಪ್ರಸಾದ ನೆಲ ನೋಡಿದ. “ಇಲ್ರಿ. ಎರಡನೇ ತಂಡ. ಅದೂ ಹೊರಗ ಕೂಡ್ರೂದು. ಎರಡು ವರ್ಷದ ಹಿಂದ ಮೊದಲನೇ ತಂಡಕ್ಕ ಕರದಿದ್ರು.”

“ಅವಾಗ ಯಾಕ ಹೋಗ್ಲಿಲ್ಲ?”

ಪ್ರಸಾದ ಗಾದಿಯ ಅಂಚಿನ ದಾರ ಎಳೆಯತೊಡಗಿದ. ಶಾಹಿದ ಅವನ ಕಡೆ ನೋಡಿ, ಹೇಳು ಎಂಬಂತೆ ಗೋಣು ಆಡಿಸಿದ.

“ಹ್ಯಾಂಗ ಹೋಗ್ಲಿರಿ ಕಾಕಾ. ಪ್ರಸಾದ ಇರೂತನಾ ಕ್ಲಬ್ ಇರ್ತೈತಿ ಅಂತ ನೀವು ಪ್ರತಿ ರವಿವಾರ ಅಂತಿದ್ರಿ. ಶಾಹಿದಣ್ಣ ಸ್ಪೀಕರ್ ಹಾಕ್ತಿದ್ದ. ನಾ ಕೇಳ್ತಿದ್ನಿ.”

ತಾವು ಹುರುಪು ತುಂಬುತ್ತಿದ್ದೇವೆಂದು ತಿಳಿದು ಆಡಿದ ಮಾತು ಒಬ್ಬ ಹುಡುಗನ ಎರಡು ವರ್ಷ ತಿಂದಿತ್ತು. ಇಪ್ಪತ್ತೆರಡಕ್ಕೂ ಇಪ್ಪತ್ನಾಲ್ಕಕ್ಕೂ ಆಟದಲ್ಲಿ ಎಷ್ಟು ಅಂತರ ಎಂದು ಮಕಬೂಲಸಾಬರಿಗೆ ಗೊತ್ತಿತ್ತು. ತಾವು ಒಳ್ಳೆಯದು ಮಾಡುತ್ತಿದ್ದೇವೆಂದು ಹನ್ನೆರಡು ವರ್ಷ ನಂಬಿದ್ದರು. ಆ ನಂಬಿಕೆಯ ಮೇಲೆಯೇ ರಾಜಬಿಯ ಕೆಮ್ಮನ್ನೂ ಕೇಳಿಸಿಕೊಳ್ಳದೆ ಇದ್ದರು. ನಾಚಿಕೆಯಾಯಿತು, ಹೇಳತೀರದಷ್ಟು ನಾಚಿಕೆ.

“ಕೊಡು ಇಲ್ಲಿ” ಎಂದು ಕಾಗದ ಇಸಿದುಕೊಂಡರು. ಗಾದಿಯ ಮೇಲೆ ಹಚ್ಚಿ ಬರೆದರೆ ಪೆನ್ನು ಒಳಗೆ ಇಳಿಯುತ್ತಿತ್ತು. ರಾಜಬಿ ರೊಟ್ಟಿ ಬಡಿಯುವ ಮಣೆಯನ್ನು ಒರೆಸಿ ತಂದುಕೊಟ್ಟರು. ಅದರ ಮೇಲೆ ಇಟ್ಟು, ಹೆಸರು ಪೂರ್ತಿ ಬರೆದು, ಕೆಳಗೆ ಅಧ್ಯಕ್ಷರು ಎಂದು ಬರೆದರು. ಇನ್ನೊಂದು ಕಾಗದವನ್ನು ಶಾಹಿದ ಬ್ಯಾಗಿನಿಂದ ತೆಗೆದ. ಮುಂದಿನ ವರ್ಷ ಕ್ಲಬ್ಬು ಆಡುವುದಿಲ್ಲ ಎಂಬ ಪತ್ರ. ಅದಕ್ಕೂ ಸಹಿ ಮಾಡಿದರು. ಮೂರು ವರ್ಷದ ಭಾರ ಇಳಿದು ಮೈ ಹಗುರವಾದಂತೆಯೇ ಅನಿಸಿತು. ಆ ಹಗುರಿಗೆ ಅವರಿಗೆ ಹೆದರಿಕೆಯಾಯಿತು.

ಒಂದು ಸಲ ಖರೇ ಹೇಳಲು ಶುರುಮಾಡಿದ ಮೇಲೆ ಶಾಹಿದನಿಗೆ ನಿಲ್ಲಿಸಲು ಬರಲಿಲ್ಲ. “ಆ ಚಡ್ಡಿ ಕಾಕಾ... ಒಬ್ಬನೂ ಹಾಕ್ಕೊಳ್ಳಾಂಗಿಲ್ರಿ. ಬೆವರು ಕುಡದು ಎರಡು ಕಿಲೋ ಆಗ್ತಾವ. ಕೀಪರ್ ಜಿಗ್ಯಾಕ ಆಗೂದಿಲ್ಲ.”

“ಹೌದಾ?” ಮಕಬೂಲಸಾಬರು ಕೇಳಿದರು. “ನಾ ಜಿಗೀತಿದ್ನಲ್ಲ?”

“ಅದಕ್ಕ ನಿಮ್ಮ ಹೆಸರಿತ್ರಿ” ಎಂದ ಪ್ರಸಾದ. ಎಲ್ಲರೂ ನಕ್ಕರು. ರಾಜಬಿ ನಗುತ್ತ ಕೆಮ್ಮಿದರು.

“ಇನ್ನೊಂದೈತ್ರಿ” ಎಂದ ಶಾಹಿದ. ಈ ಸಲ ನಗೆ ಇರಲಿಲ್ಲ. “ಮಾರ್ಚನ್ಯಾಗ ಎರಡು ಸಲ ತಂಡ ಕೂಡಲಿಲ್ಲ. ನಮ್ಮನ್ನ ಈ ವರ್ಷದ ಲೀಗಿನಿಂದ ತಗದಾರ್ರಿ ಕಾಕಾ. ಹೋದ ಆರು ರವಿವಾರ ಮ್ಯಾಚ ಆಗೇ ಇಲ್ಲ.”

ಮಕಬೂಲಸಾಬರಿಗೆ ಕ್ಷಣ ಹೊತ್ತು ತಿಳಿಯಲಿಲ್ಲ. “ಎರಡು ಒಂದು? ಪ್ರಸಾದನ ಹೆಡ್ಡರು?”

“ನಾನ ಹೇಳಿದ್ದು. ಮನ್ಯಾಗ ಕುಂತು.”

“ಆರೂ ಮ್ಯಾಚು?”

“ಆರೂ.”

ಸಿಟ್ಟು ಬರಬೇಕಿತ್ತು. ಬಂದದ್ದು ಬೇರೆಯೇ ಒಂದು ಸಂಕಟ. ಆರು ವಾರ ಕಣ್ಣು ಮುಚ್ಚಿ ನೋಡಿದ ಆಟಗಳು. ಒಂದರಲ್ಲಿ ಮಳೆ ಬೇರೆ ಬಂದಿತ್ತು. ಮಕಬೂಲಸಾಬರು ಕೊನೆಗೆ ಕೇಳಿದರು. “ಅಲ್ಲೋ ಶಾಹಿದಾ, ಹೆಂಗೂ ಸುಳ್ಳ ಹೇಳಾಕತ್ತಿದ್ದಿ. ಒಂದರ ಗೆಲ್ಲಸಬೇಕಿಲ್ಲೋ ಮಾರಾಯಾ. ಯಾಕ ಆರೂ ಸೋಲಿಸಿದಿ?”

ಶಾಹಿದ ತಲೆ ಎತ್ತಲಿಲ್ಲ. “ಗೆದ್ದೇವಿ ಅಂದಿದ್ರ ಮುಂದಿನ ವರ್ಷಾನೂ ಆಡ್ರಿ ಅಂತಿದ್ರಿ ಕಾಕಾ. ಸೋತು ಸೋತು ನೀವ ಸಾಕು ಅಂತೀರೇನೋ ಅಂತ ಕಾದ್ನಿ.”

ಬಸ್ಸಿನ ಹೊತ್ತಾಗಿತ್ತು. ಸ್ಟಾಪಿನವರೆಗೆ ಕಳಿಸಲು ಮಕಬೂಲಸಾಬರು ಹೋದರು. ಬೇಡವೆಂದರೂ ಕೇಳಲಿಲ್ಲ. ಬಿಸಿಲಿಗೆ ರಸ್ತೆ ಖಾಲಿಯಿತ್ತು. ಪ್ರಸಾದ ನೀರಿನ ಬಾಟಲಿ ತರಲು ಎದುರಿನ ಅಂಗಡಿಗೆ ಹೋದ. ಇಬ್ಬರೇ ಉಳಿದಾಗ ಮಾತಾಡಲು ಏನೂ ಇರಲಿಲ್ಲ. ಹನ್ನೆರಡು ವರ್ಷದ ರವಿವಾರಗಳಲ್ಲಿ ಆಡಿದ್ದೆಲ್ಲ ಆಟದ ಮಾತೇ. ಪ್ರಸಾದನ ಎಡಗಾಲು ಎಷ್ಟು ಮೆದು, ಯಾವ ಹುಡುಗ ಕಾರ್ನರ್ ಛಲೋ ಹೊಡೆಯುತ್ತಾನೆ, ಎಲ್ಲ ಇವರಿಗೆ ಗೊತ್ತು. ಕೇಳಲು ನಾಚಿಕೆಯಾದರೂ ಕೇಳಿದರು.

“ಶಾಹಿದಾ, ನಿನಗ ಮಕ್ಕಳೆಷ್ಟೋ?”

“ಒಬ್ಬಾಕಿ ಅದಾಳ್ರಿ. ಈಗ ಆರು ವರ್ಷ.”

ಆರು ವರ್ಷದ ಕೂಸು. ಹುಟ್ಟಿದ್ದೂ ಗೊತ್ತಿಲ್ಲ. ಆ ರವಿವಾರವೂ ಅವನು ಸ್ಕೋರು ಹೇಳಿ ಫೋನು ಇಟ್ಟಿರಬೇಕು. ಮಕಬೂಲಸಾಬರು ರಸ್ತೆಯ ಕಡೆ ನೋಡುತ್ತ ನಿಂತರು. ಪ್ರಸಾದ ಬಾಟಲಿ ಹಿಡಿದು ಬಂದ, ಅವನ ಹಿಂದೆಯೇ ಬಸ್ಸೂ ಬಂತು.

“ನಾಳೆ ಫೋನ್ ಹಚ್ಚಲೇನ್ರಿ ಕಾಕಾ?” ಶಾಹಿದ ಕೇಳಿದ.

“ಯಾತಕ್ಕಪಾ, ನಿನಗೂ ನಿನ್ನ ಸಂಸಾರ...” ಬಾಯಿ ತನ್ನ ಹಳೆಯ ಚಾಳಿಗೆ ಬಿದ್ದು ಅರ್ಧ ಹೇಳಿಬಿಟ್ಟಿತ್ತು. ಶಾಹಿದ, “ಹೂನ್ರಿ” ಎಂದು ಮೆಟ್ಟಿಲ ಮೇಲೆ ಕಾಲಿಟ್ಟ. ಮಕಬೂಲಸಾಬರು ಅವನ ಬ್ಯಾಗಿನ ಪಟ್ಟಿ ಹಿಡಿದರು.

“ಹಚ್ಚು. ಐದೂವರಿಗೆ ಹಚ್ಚು.”

“ಮ್ಯಾಚ ಇಲ್ಲಲ್ರಿ. ಏನ್ ಹೇಳ್ಲಿ?”

“ಇರಲಾರದ ಮ್ಯಾಚು ಆರು ಹೇಳಿದಿ. ಇದ್ದ ಮಗಳದು ಹೇಳಾಕ ಬರೂದಿಲ್ಲೇನು?”

ಹತ್ತುವುದಿದ್ದರೆ ಲಗೂ ಹತ್ರಿ ಎಂದು ಕಂಡಕ್ಟರ ಬೈದ. ಶಾಹಿದ ಹತ್ತಿದ. ಬಸ್ಸು ಹೊರಟ ಮೇಲೆ ಕಿಟಕಿಯಿಂದ ತಲೆ ಹಾಕಿ, “ಗುಲ್ನಾಜ್ರಿ ಆಕಿ ಹೆಸರು! ಬಾಲ್ ಕಂಡ್ರ ಆಗೂದಿಲ್ಲ ಆಕಿಗೆ!” ಎಂದು ಕೂಗಿದ. ಮಕಬೂಲಸಾಬರು ಕೈ ಎತ್ತಿದರು.

ಬಸ್ಸು ತಿರುವಿನಲ್ಲಿ ಮರೆಯಾಯಿತು. ಮಕಬೂಲಸಾಬರು ಸ್ಟಾಪಿನ ಕಟ್ಟೆಯ ಮೇಲೆ ಕೂತರು. ಬೆಣ್ಣಿಹಳ್ಳ ಕ್ಲಬ್ಬು ಇನ್ನು ಇಲ್ಲ ಎಂಬುದು ಅಲ್ಲಿ ಕೂತಾಗ ಪೂರ್ತಿ ತಿಳಿಯಿತು. ಸಹಿ ಮಾಡುವಾಗ ಬಾರದ ಅಳು ಈಗ ಬಂತು. ಬಸ್ಸಿಗೆ ಕಾಯುತ್ತಿದ್ದ ಇಬ್ಬರು ಹೆಂಗಸರು ನೋಡುತ್ತಿದ್ದರು. ನೋಡಲಿ ಎಂದು ಮಕಬೂಲಸಾಬರು ಅಳುತ್ತ ಕೂತರು.